ಹಳೆಯ ಮನೆ ಕೊಳ್ಳುವ ಮುನ್ನ

(ಆಕಾಶವಾಣಿ ಭಾಷಣ)

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಅದನ್ನು ಮಾಡಿದ ಹಿರಿಯರು 'ಕಟ್ಟಿದ ಮನೆಯನ್ನು ಕೊಂಡು ನೋಡು' ಎಂಬ ಮೂರನೆಯ ಮಾತನ್ನು ಸೇರಿಸಲಿಲ್ಲ. ಅವರ ಕಾಲದಲ್ಲಿ ಮನೆ ಹಿರಿಯರಿಂದ ಬರುತ್ತಿತ್ತು, ಇಲ್ಲವೇ ತಾವೇ ಕಟ್ಟಿಕೊಳ್ಳಬೇಕಾಗಿತ್ತು. ಅನ್ಯರು ಕಟ್ಟಿಸಿ, ಬಾಳಿ, ಬಿಟ್ಟುಹೋದ ಮನೆಯನ್ನು ಹಣ ತೆತ್ತು ಕೊಳ್ಳುವ ಪ್ರಸಂಗ ವಿರಳವಾಗಿದ್ದಿರಬೇಕು. ಇಂದು ಹಾಗಿಲ್ಲ. ಮಕ್ಕಳು ದೂರದೂರುಗಳಲ್ಲಿ, ದೂರದೇಶಗಳಲ್ಲಿ ನೆಲಸಿದ್ದಾರೆ. ಮುದುಕರಿಗೆ ಅಷ್ಟು ದೊಡ್ಡ ಮನೆಯನ್ನು ಗುಡಿಸಿ ಸಾರಿಸಿ ಇಟ್ಟುಕೊಳ್ಳುವ ಶಕ್ತಿಯಿಲ್ಲ. ಮೈಸೂರು, ಧಾರವಾಡ, ಬೆಂಗಳೂರು, ಮಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ನಲವತ್ತು, ಅರುವತ್ತು, ಎಂಬತ್ತು ವರ್ಷಗಳ ಮನೆಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಕೊಳ್ಳುವವರಲ್ಲಿ, ಮನೆಯನ್ನು ಕೆಡವಿ ನಿವೇಶನವನ್ನಷ್ಟೇ ಬಳಸುವ ಸಿರಿವಂತರು ಇದ್ದಾರೆ. ಅವರ ಚಿಂತೆ ಇಲ್ಲಿ ಬೇಡ. ಭವಿಷ್ಯನಿಧಿಯ ಹಣ, ಮಡದಿಯ ಒಡವೆ, ಬ್ಯಾಂಕಿನ ಸಾಲ ಇವು ಮೂರನ್ನೂ ಕೂಡಿಸಿ, ಅದೇ ಗೋಡೆಗಳ ನಡುವೆ ಬಾಳಬೇಕೆಂದು ಕೊಳ್ಳುವ ಮಧ್ಯಮ ತರಗತಿಯ ಗೃಹಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಈ ಮಾತುಗಳನ್ನು ಆಡುತ್ತಿದ್ದೇನೆ.

ನಾನು ಎಂಜಿನಿಯರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ನಿವೃತ್ತಿಯ ಅನಂತರ ಪರಿಚಿತರು ಹಳೆಯ ಕ್ರಯಪತ್ರಗಳನ್ನು ಓದಿಸಿಕೊಳ್ಳಲು, ಕರಾರುಗಳ ಭಾಷೆಯನ್ನು ತಿದ್ದಿಸಿಕೊಳ್ಳಲು ನನ್ನಲ್ಲಿಗೆ ಬರತೊಡಗಿದರು. ಪತ್ರಗಳ ಬೆನ್ನು ಹತ್ತಿ ಮನೆಗಳನ್ನು ನೋಡುವ ಸಂದರ್ಭಗಳೂ ಒದಗಿದವು. ಹಳೆಯ ಕ್ರಯಪತ್ರಗಳ ಭಾಷೆಗೆ ಶಾಸನಗಳಷ್ಟು ಹಿಂದಿನ ಪರಂಪರೆಯಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳೊಡನೆ ಭೂಮಿಯನ್ನು ಒಪ್ಪಿಸುವ ಮಾತು ಶಾಸನಗಳಿಂದ ಇಳಿದು ಈ ಪತ್ರಗಳವರೆಗೂ ಬಂದಿದೆ. ಪತ್ರದಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ ಇರುತ್ತದೆ, ಉದ್ದಗಲಗಳಿರುತ್ತವೆ, ಬಾಗಿಲು, ಕಿಟಕಿ, ಬಾವಿ, ತೆಂಗಿನ ಮರಗಳ ಲೆಕ್ಕವಿರುತ್ತದೆ. ತಳಪಾಯ ಎಷ್ಟು ಆಳಕ್ಕೆ ಹೋಗಿದೆ, ಯಾವ ಮಣ್ಣಿನ ಮೇಲೆ ಕುಳಿತಿದೆ, ಮಳೆಗಾಲದಲ್ಲಿ ಯಾವ ಗೋಡೆ ಒದ್ದೆಯಾಗುತ್ತದೆ ಎಂಬ ವಿಚಾರ ಮಾತ್ರ ನಾನು ಓದಿದ ಯಾವ ಪತ್ರದಲ್ಲಿಯೂ ಕಾಣಸಿಗಲಿಲ್ಲ. ಕೊಂಡವನಿಗೆ ಜಲವೂ ಪಾಷಾಣವೂ ಸೇರಿಯೇ ಬರುತ್ತವೆ ಎಂಬ ಮಾತು ಹಳೆಯ ಮನೆಯ ವಿಷಯದಲ್ಲಿ ಅಕ್ಷರಶಃ ನಿಜ: ಗೋಡೆಯೊಳಗಿನ ನೀರೂ ಅವನದೇ, ತಳದಲ್ಲಿ ಸರಿದ ಕಲ್ಲೂ ಅವನದೇ.

ಮೊದಲು ಮಣ್ಣಿನ ಮಾತು. ಗೋಡೆಯನ್ನು ನೋಡುವುದಕ್ಕೆ ಮುಂಚೆ ನೆಲವನ್ನು ನೋಡಬೇಕೆಂಬ ತಿಳಿವಳಿಕೆ ನಮ್ಮಲ್ಲಿ ಬಹಳ ಹಿಂದಿನದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಒಂದು ಸರಳವಾದ ಪರೀಕ್ಷೆಯನ್ನು ಹೇಳುತ್ತಾನೆ. ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮತ್ತೆ ಅದಕ್ಕೆ ತುಂಬಬೇಕು. ಮಣ್ಣು ಸಾಲದೆ ಹೋದರೆ ನೆಲ ಕೆಟ್ಟದ್ದು, ಸರಿಹೋದರೆ ಮಧ್ಯಮ, ಮಿಕ್ಕರೆ ಉತ್ತಮ. ಗುಂಡಿಗೆ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗಿ ಬರುವಷ್ಟರಲ್ಲಿ ನೀರು ತಗ್ಗದಿದ್ದರೆ ಒಳ್ಳೆಯದೆಂಬ ಇನ್ನೊಂದು ಪರೀಕ್ಷೆಯೂ ಅಲ್ಲಿದೆ. ಹನ್ನೊಂದನೆಯ ಶತಮಾನದ ನಮ್ಮ ಚಾವುಂಡರಾಯನ ಲೋಕೋಪಕಾರವೂ ವಾಸ್ತುವನ್ನೂ ಅಂತರ್ಜಲವನ್ನು ಹುಡುಕುವ ವಿದ್ಯೆಯನ್ನೂ ಒಂದೇ ಗ್ರಂಥದಲ್ಲಿ ಹೇಳುತ್ತದೆ. ಮನೆಗೂ ನೆಲದಡಿಯ ನೀರಿಗೂ ಇರುವ ಸಂಬಂಧವನ್ನು ಆ ಕಾಲದವರು ಮರೆತಿರಲಿಲ್ಲ. ಸಡಿಲವಾದ, ಪೊಳ್ಳಾದ ಮಣ್ಣನ್ನು ಗುರುತಿಸಲು ಈ ಪರೀಕ್ಷೆಗಳು ಇಂದಿಗೂ ಅರ್ಥವುಳ್ಳವು. ಆದರೆ ಎಲ್ಲ ನೆಲಕ್ಕೂ ಒಂದೇ ಪರೀಕ್ಷೆ ಸಾಲದು. ಚೆನ್ನಾಗಿ ನೆನೆದ ಎರೆಮಣ್ಣಿನ ಗುಂಡಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಅಷ್ಟರಿಂದ ಆ ನೆಲ ಮನೆಗೆ ಒಳ್ಳೆಯದೆಂದು ನಂಬಿದರೆ ಮೋಸಹೋಗುತ್ತೇವೆ.

ಈ ಎರೆಮಣ್ಣಿನ ಸ್ವಭಾವವನ್ನು ವಿಜಯಪುರ, ಬಾಗಲಕೋಟೆ, ಗದಗ, ರಾಯಚೂರು, ಕಲಬುರಗಿಯ ಕಡೆಯ ಶ್ರೋತೃಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಾಯಿಬಿಡುವ ಆ ಹೊಲ ಮಳೆ ಬಿದ್ದೊಡನೆ ಉಬ್ಬಿ ಕೂಡಿಕೊಳ್ಳುತ್ತದೆ. ಆ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿಯ ಕಣಗಳು ನೀರನ್ನು ತಮ್ಮ ಪದರಗಳ ನಡುವೆ ಹೀರಿಕೊಂಡು ಹಿಗ್ಗುತ್ತವೆ, ಒಣಗಿದಾಗ ಕುಗ್ಗುತ್ತವೆ. ಹತ್ತಿಗೂ ಜೋಳಕ್ಕೂ ವರವಾದ ಈ ಗುಣ ಮನೆಗೆ ಶಾಪ. ಆಳವಿಲ್ಲದ ತಳಪಾಯವನ್ನು ಈ ನೆಲ ವರ್ಷಕ್ಕೊಮ್ಮೆ ಎತ್ತಿ ವರ್ಷಕ್ಕೊಮ್ಮೆ ಇಳಿಸುತ್ತದೆ. ಇಡೀ ಮನೆಯನ್ನು ಸಮವಾಗಿ ಎತ್ತಿ ಇಳಿಸಿದರೆ ಅಷ್ಟು ಕೇಡಿಲ್ಲ. ಒಂದು ಮೂಲೆ ಒದ್ದೆಯಾಗಿ ಇನ್ನೊಂದು ಮೂಲೆ ಒಣಗಿದ್ದಾಗ ಗೋಡೆ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇಂತಹ ನೆಲಕ್ಕಾಗಿಯೇ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಪಿಸಿದರು. ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಮೇಲ್ಪದರವನ್ನು ದಾಟಿ, ಸುಮಾರು ಮೂರೂವರೆ ಮೀಟರು ಆಳದಲ್ಲಿ ಅವು ಬೇರೂರುತ್ತವೆ. ಹಳೆಯ ಮನೆಗಳಲ್ಲಿ ಇಂತಹ ಏರ್ಪಾಡು ಇರುವುದು ಅಪರೂಪ.

ಹಳೆಯ ಮೈಸೂರಿನ ಕೆಂಪು ನೆಲ ಇಷ್ಟು ಚಂಚಲವಲ್ಲ. ಬೆಂಗಳೂರು, ಮೈಸೂರುಗಳ ಹಳೆಯ ಮನೆಗಳು ಸೈಜುಗಲ್ಲಿನ ತಳಪಾಯದ ಮೇಲೆ ನಿಶ್ಚಿಂತೆಯಿಂದ ನಿಂತಿರುವುದನ್ನು ಕಾಣುತ್ತೇವೆ. ಅಲ್ಲಿಯ ಅಪಾಯ ಬೇರೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣವಿರುವೆಡೆಯಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದಿತು. ಹೀಗೆ ಕೆರೆಯ ಅಂಗಳವನ್ನೂ ರಾಜಕಾಲುವೆಯ ಅಂಚನ್ನೂ ತುಂಬಿ ಮಾಡಿದ ನಿವೇಶನಗಳು ಎಷ್ಟೋ ಇವೆ. ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಿರುತ್ತದೆ. ಅದಲ್ಲದೆ ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಿಗೆ ನೀರು ನುಗ್ಗಿದಾಗ ಈ ಸತ್ಯವನ್ನು ಎಲ್ಲರೂ ಕಂಡರು. ಆದ್ದರಿಂದ ಮನೆಯ ಪತ್ರದ ಜೊತೆಗೆ ಭೂಮಾಪನ ಇಲಾಖೆಯ ಹಳೆಯ ಗ್ರಾಮನಕ್ಷೆಯನ್ನೂ ನೋಡಬೇಕು. ಕೆರೆ, ಕಟ್ಟೆ, ಹಳ್ಳ, ಕಾಲುವೆಗಳು ಅದರಲ್ಲಿ ಇರುತ್ತವೆ. ಬೀದಿಯ ಹೆಸರಿನಲ್ಲಿ ಕೆರೆ, ಕೋಡಿ, ತೂಬು ಎಂಬ ಮಾತು ಉಳಿದಿದ್ದರೆ ಅದನ್ನು ಅಲಂಕಾರವೆಂದು ಬಗೆಯಬಾರದು.

ಇನ್ನು ಬಿರುಕುಗಳು. ಬಿರುಕು ಕಂಡೊಡನೆ ಹೆದರಿ ಓಡುವವರೂ ಉಂಟು. 'ಹಳೇ ಮನೆ ಅಂದಮೇಲೆ ಇದ್ದದ್ದೇ' ಎಂದು ತಳ್ಳಿಹಾಕುವವರೂ ಉಂಟು. ಎರಡೂ ಅತಿಯೇ. ಗಾರೆಯ ಮೇಲೆ ಜೇಡನ ಬಲೆಯಂತೆ ಹಬ್ಬಿದ ಕೂದಲೆಳೆಯ ಬಿರುಕುಗಳು ಗಾರೆ ಒಣಗುವಾಗ ಮೂಡಿದವು. ಅವುಗಳಿಂದ ಮನೆಗೆ ಅಪಾಯವಿಲ್ಲ. ಕಾಂಕ್ರೀಟ್ ತಾರಸಿಯ ಕೆಳಗೆ, ಗೋಡೆಯ ನೆತ್ತಿಯಲ್ಲಿ ಅಡ್ಡಲಾಗಿ ಓಡುವ ಬಿರುಕು ಬಹುಮಟ್ಟಿಗೆ ಬಿಸಿಲಿಗೆ ತಾರಸಿ ಹಿಗ್ಗಿ ಕುಗ್ಗುವುದರಿಂದ ಆದದ್ದು. ಹಳೆಯ ಕಟ್ಟಡಕ್ಕೆ ಹೊಸ ಕೋಣೆಯನ್ನು ಸೇರಿಸಿದೆಡೆಯಲ್ಲಿ ನೆಟ್ಟಗೆ ಇಳಿಯುವ ಬಿರುಕು, ಎರಡು ತಳಪಾಯಗಳು ಬೇರೆ ಬೇರೆಯಾಗಿ ಕುಳಿತವೆಂಬುದನ್ನು ಸೂಚಿಸುತ್ತದೆ. ನಾವು ಮುಖ್ಯವಾಗಿ ಗಮನಿಸಬೇಕಾದದ್ದು ಬಾಗಿಲು ಕಿಟಕಿಗಳ ಮೂಲೆಯಿಂದ ಹೊರಟು ಓರೆಯಾಗಿ ಏರುವ, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವ, ಗೋಡೆಯ ಎರಡು ಮೈಗಳಲ್ಲಿಯೂ ಕಾಣಿಸುವ ಬಿರುಕನ್ನು. ಅದರ ಮೂಲ ಸಾಮಾನ್ಯವಾಗಿ ತಳಪಾಯದಲ್ಲಿರುತ್ತದೆ. ಅಂತಹ ಬಿರುಕು ಮೇಲ್ಗಡೆ ಹೆಚ್ಚು ಅಗಲವಾಗಿದ್ದರೆ ಗೋಡೆಯ ತುದಿ ಕುಸಿಯುತ್ತಿದೆಯೆಂದೂ, ಕೆಳಗಡೆ ಅಗಲವಾಗಿದ್ದರೆ ನಡುಭಾಗ ಕುಸಿಯುತ್ತಿದೆಯೆಂದೂ ಬಲ್ಲವರು ಅರ್ಥಮಾಡುತ್ತಾರೆ.

ಬಿರುಕಿನ ಮಾತಿಗೆ ಸಾಕ್ಷಿಗಳೂ ಬೇಕು. ಬಾಗಿಲು ಚೌಕಟ್ಟಿನಲ್ಲಿ ಸರಾಗವಾಗಿ ಕೂರುತ್ತದೆಯೇ, ಒಂದು ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆಯೇ? ಬಾಗಿಲಿನ ತಲೆಯನ್ನು ಹೊಸದಾಗಿ ಹತ್ತರಿಯಿಂದ ಉಜ್ಜಿದ್ದಾರೆಯೇ? ಮಕ್ಕಳ ಗೋಲಿಯೊಂದನ್ನು ನೆಲದ ಮೇಲೆ ಇಟ್ಟರೆ ಅದು ನಿಲ್ಲುತ್ತದೆಯೇ, ಒಂದೇ ಮೂಲೆಗೆ ಉರುಳುತ್ತದೆಯೇ? ಭಾರತೀಯ ಮಾನಕ ಸಂಸ್ಥೆಯವರು ೧೯೮೪ರಲ್ಲಿ ಕಟ್ಟಡಗಳ ಬಿರುಕುಗಳ ಬಗೆಗೇ ಒಂದು ಕೈಪಿಡಿಯನ್ನು ಹೊರತಂದರು. ಅದರ ಪ್ರಕಾರ ಒಂದು ಮಿಲಿಮೀಟರಿಗಿಂತ ಕಡಿಮೆ ಅಗಲದ್ದು ಸಣ್ಣ ಬಿರುಕು, ಒಂದರಿಂದ ಎರಡರವರೆಗೆ ಮಧ್ಯಮ, ಎರಡನ್ನು ಮೀರಿದರೆ ದೊಡ್ಡದು. ಆದರೆ ಅಗಲಕ್ಕಿಂತ ಹೆಚ್ಚು ಮುಖ್ಯವಾದ ಪ್ರಶ್ನೆಯೊಂದಿದೆ: ಬಿರುಕು ಬೆಳೆಯುತ್ತಿದೆಯೋ, ನಿಂತುಹೋಗಿದೆಯೋ? ಒಳಗೆ ಧೂಳು, ಹಳೆಯ ಸುಣ್ಣ, ಜೇಡನ ಗೂಡು ಇದ್ದರೆ ಅದು ಹಳೆಯ ಗಾಯವೆಂದು ಊಹಿಸಬಹುದು; ಅಂಚು ಹೊಸದಾಗಿ ಒಡೆದಂತೆ ಚೂಪಾಗಿದ್ದರೆ ಅದು ಇನ್ನೂ ಜೀವಂತವಾಗಿದೆ. ಖಚಿತವಾಗಿ ತಿಳಿಯಲು ಮೇಸ್ತ್ರಿಗಳು ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗಳನ್ನೂ ಗಾರೆಯಿಂದ ಬಂಧಿಸಿ, ದಿನಾಂಕವನ್ನು ಬರೆದಿಡುತ್ತಾರೆ. ಗೋಡೆ ಮಿಸುಕಿದರೆ ಗಾಜು ಒಡೆಯುತ್ತದೆ. ಎರೆಭೂಮಿಯಲ್ಲಿ ಈ ಗಾಜು ಒಂದು ಮಳೆಗಾಲವನ್ನೂ ಒಂದು ಬೇಸಗೆಯನ್ನೂ ಕಳೆಯಬೇಕು.

ಎರಡನೆಯ ವಿಚಾರ ನೀರು. ಮನೆಗೆ ನೀರು ಮೂರು ದಾರಿಗಳಿಂದ ಬರುತ್ತದೆ: ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ. ಮೇಲಿನಿಂದ ಬರುವುದು ಎಲ್ಲರಿಗೂ ಕಾಣುತ್ತದೆ. ಆದರೆ ಅದು ಮಾಡುವ ಹಾನಿ ಮಾಡಿನ ಜಾತಿಯನ್ನು ಅವಲಂಬಿಸಿದೆ. ಮೈಸೂರು, ಬೆಂಗಳೂರಿನ ಹಳೆಯ ಮನೆಗಳಲ್ಲಿ ಮದ್ರಾಸ್ ತಾರಸಿಯೆಂಬುದೊಂದು ಉಂಟು. ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಜೋಡಿಸಿ, ಮೇಲೆ ಇಟ್ಟಿಗೆಚೂರು ಸುಣ್ಣಗಳ ದಪ್ಪನೆಯ ಪದರವನ್ನು ಬಡಿದು ಮಾಡುತ್ತಿದ್ದರು. ಇಂತಹ ತಾರಸಿ ಸೋರಿದಾಗ ಮೊದಲು ಕೆಡುವುದು ಗೋಡೆಯೊಳಗೆ ಹೂತ ತೊಲೆಯ ತುದಿ. ಅದು ಕಣ್ಣಿಗೆ ಕಾಣುವುದಿಲ್ಲ. ಗೋಡೆಗೆ ತಾಗಿದ ಕಡೆಯಲ್ಲಿ ತೊಲೆಗೆ ಒಂದು ಮೊಳೆಯನ್ನು ಒತ್ತಿ ನೋಡಬೇಕು. ಮೊಳೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ ಅಥವಾ ಗೆದ್ದಲು ಹಿಡಿದಿದೆ. ಕರಾವಳಿಯ ಹಂಚಿನ ಮನೆಗಳಲ್ಲಿ ಒಡೆದ ಹಂಚನ್ನು ಬದಲಾಯಿಸುವುದು ಸುಲಭ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದಂದಿನಿಂದ ಆ ಮಾಡು ನಮಗೆ ಪರಿಚಿತ. ಅಲ್ಲಿ ನೋಡಬೇಕಾದದ್ದು ಹಂಚಿನ ಕೆಳಗಿನ ಪಕ್ಕಾಸು, ರೀಪುಗಳನ್ನು. ಸೂರಿನ ನೀರು ಬಿದ್ದು ಸಿಡಿಯುವೆಡೆಯಲ್ಲಿ ಸವೆದ ಮುರಕಲ್ಲಿನ ಗೋಡೆಯ ಬುಡವನ್ನು. ನಲವತ್ತೈವತ್ತು ವರ್ಷಗಳ ಕಾಂಕ್ರೀಟ್ ತಾರಸಿಯ ಕೆಳಮೈಯಲ್ಲಿ ಕಂದುಬಣ್ಣದ ಗೆರೆಗಳು ಕಂಡರೆ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಿದೆಯೆಂದು ತಿಳಿಯಬೇಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಹಕ್ಕಳೆಯಾಗಿ ಉದುರುತ್ತದೆ. ಕೋಲಿನಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಉದುರುವ ದಿನ ದೂರವಿಲ್ಲ.

ಕೆಳಗಿನಿಂದ ಏರುವ ನೀರು ಇನ್ನೂ ಗುಪ್ತವಾದದ್ದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ನೆಲದ ತೇವ ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ ಏರುತ್ತದೆ. ಸಾಮಾನ್ಯವಾಗಿ ನಮ್ಮ ಸೊಂಟದೆತ್ತರಕ್ಕೆ ಬಂದು ನಿಲ್ಲುತ್ತದೆ. ನೀರು ಆರಿಹೋಗುತ್ತದೆ, ಅದು ಹೊತ್ತು ತಂದ ಉಪ್ಪು ಉಳಿಯುತ್ತದೆ. ಆ ಉಪ್ಪು ಹರಳುಗಟ್ಟುವಾಗ ಗಾರೆಯನ್ನು ಒಳಗಿನಿಂದ ಒಡೆಯುತ್ತದೆ. ಗೋಡೆಯ ಮೇಲೆ ಬೂದಿಯಂತಹ ಬಿಳಿಯ ಪುಡಿ ಕಂಡರೆ ಅದೇ ಇದು. ಹಿಂದಿನವರು ಎತ್ತರವಾದ ಕಲ್ಲಿನ ಕಟ್ಟೆಯ ಮೇಲೆ ಮನೆ ಎತ್ತುತ್ತಿದ್ದರು, ಸುಣ್ಣದ ಗಾರೆಯನ್ನು ಬಳಸುತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆ; ಒಳಸೇರಿದ ತೇವವನ್ನು ಹೊರಗೆ ಬಿಡುತ್ತದೆ. ಈಚಿನವರು ತೇವ ಕಂಡೊಡನೆ ಅದರ ಮೇಲೆ ಸಿಮೆಂಟನ್ನು ಬಳಿಯುತ್ತಾರೆ. ಸಿಮೆಂಟು ತೇವವನ್ನು ಒಳಗೇ ಬಂಧಿಸುತ್ತದೆ. ಹೊರಬರಲಾಗದ ನೀರು ಇನ್ನೂ ಎರಡಡಿ ಮೇಲೇರಿ ಅಲ್ಲಿ ಮುಖ ತೋರಿಸುತ್ತದೆ. ಸೊಂಟದೆತ್ತರದವರೆಗೆ ಮಾತ್ರ ಹೊಸ ಸಿಮೆಂಟು ಅಥವಾ ಹೊಳೆಯುವ ಬಿಲ್ಲೆಗಳನ್ನು ಹಚ್ಚಿದ ಹಳೆಯ ಗೋಡೆಯನ್ನು ಕಂಡರೆ, ಏತಕ್ಕಾಗಿ ಹಚ್ಚಿದಿರಿ ಎಂದು ಕೇಳುವುದು ಅವಿನಯವೇನಲ್ಲ.

ಪಕ್ಕದ ನೀರಿಗೆ ಅನೇಕ ಮೂಲಗಳು. ಬಚ್ಚಲಿನ ಒಡೆದ ಮೋರಿ, ಗೋಡೆಗೆ ಒತ್ತಿಕೊಂಡ ಮಲಗುಂಡಿ, ನೆರೆಮನೆಯವರ ತೊಟ್ಟಿ, ಹಾಳುಬಿದ್ದ ಬಾವಿ. ನಗರಗಳಲ್ಲಿ ಇನ್ನೊಂದು ವಿಚಿತ್ರ ಉಂಟು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗುತ್ತ ಹೋಗಿ, ಒಂದು ಕಾಲದಲ್ಲಿ ಮೂರು ಮೆಟ್ಟಿಲು ಹತ್ತಿ ಪ್ರವೇಶಿಸುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗಿದೆ. ಅಂತಹ ಮನೆಯ ಅಂಗಳಕ್ಕೆ ಬೀದಿಯ ಮಳೆನೀರೆಲ್ಲ ಅತಿಥಿ. ನದೀತೀರದ ಊರುಗಳಲ್ಲಿ ೨೦೦೯ರ ಮತ್ತು ೨೦೧೯ರ ನೆರೆಯ ಗುರುತುಗಳನ್ನು ಹುಡುಕಬೇಕು. ಕೃಷ್ಣಾ, ಮಲಪ್ರಭಾ, ಘಟಪ್ರಭೆಯರ ನೀರಿನಲ್ಲಿ ನಿಂತ ಮಣ್ಣುಗಾರೆಯ ಗೋಡೆ ಹೊರಗೆ ಗಟ್ಟಿಯಾಗಿ ತೋರಿದರೂ, ಕಲ್ಲುಗಳ ನಡುವಿನ ಮಣ್ಣು ತೊಳೆದುಹೋಗಿರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನಿದರ್ಶನವನ್ನು ಕೊಡುವುದು ಉಚಿತ. ಧಾರವಾಡದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ತಾವೂ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು, ಒಂದು ಹಳೆಯ ಮನೆಯನ್ನು ಕೊಳ್ಳಬೇಕೆಂದಿದ್ದರು. ಪತ್ರವನ್ನು ಓದಿಕೊಟ್ಟ ನನ್ನನ್ನು ಮನೆ ನೋಡಲೂ ಕರೆದರು. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಪಡುವಲ ಕಡೆ ಕೆಂಪು ನೆಲ, ಮೂಡಲ ಕಡೆ ಎರೆ. ಈ ಮನೆಯ ಮುಂಭಾಗ ಗರಸಿನ ಮೇಲಿತ್ತು. ಅನಂತರ ಕಟ್ಟಿದ ಅಡುಗೆಮನೆಯೂ ಬಚ್ಚಲೂ ಎರೆಯ ಮೇಲಿದ್ದವು. ಮನೆಯೆಲ್ಲ ಮಾಸಲು ಸುಣ್ಣ. ಅಡುಗೆಮನೆಯ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ, ಅದರ ಮೇಲೊಂದು ದೊಡ್ಡ ಕ್ಯಾಲೆಂಡರು. ನಮ್ಮೊಡನೆ ಬಂದಿದ್ದ ವೃದ್ಧ ಗೌಂಡಿ ಬಾಗಿಲಿನ ಹೊರಗೆ ಕುಕ್ಕರಿಸಿ ಬಚ್ಚಲಿನ ಮೋರಿಯನ್ನು ನೋಡಿದರು, ಎದ್ದು ಬಂದು ಹೇಳಿದರು: "ಸರ, ಬಿರುಕು ಗ್ವಾಡ್ಯಾಗ ಕಾಣತೈತಿ, ಬ್ಯಾನಿ ನೆಲದಾಗ ಐತ್ರಿ."

ಮನೆಯ ಯಜಮಾನಿ ಎಪ್ಪತ್ತು ದಾಟಿದ ವಿಧವೆ. ಒಂದು ಕ್ಷಣ ಸುಮ್ಮನಿದ್ದರು. ಬಳಿಕ ತಾವೇ ಎದ್ದು ಕ್ಯಾಲೆಂಡರನ್ನು ತೆಗೆದರು. "ದಲ್ಲಾಳಿ ಹೇಳಿದ, ಬಣ್ಣಾ ಹಚ್ಚಿಸಿದೆ. ಮೂರು ಮಳಿಗಾಲ ಆತು ತಮ್ಮಾ. ವರ್ಷಾ ಮುಚ್ಚತೀನಿ, ವರ್ಷಾ ಬಾಯಿ ಬಿಡತೈತಿ. ಮಗಳ ಹತ್ರ ಪುಣೇಕ್ಕ ಹೋಗಬೇಕು. ನನ್ನ ಹತ್ರ ಇರೂದು ಇದೊಂದ ಮನಿ. ಇದರ ಬೆಲಿನೂ ಹೋದರ ನಾ ಅವರ ಮನ್ಯಾಗ ಕೈ ಚಾಚಬೇಕಾಗತೈತಿ" ಎಂದರು.

ಆ ಮಾತಿಗೆ ನಮ್ಮಲ್ಲಿ ಯಾರಲ್ಲಿಯೂ ಕೂಡಲೇ ಉತ್ತರವಿರಲಿಲ್ಲ. ಒಂದು ಕಡೆ ಒಬ್ಬ ಉಪಾಧ್ಯಾಯರ ಆಯುಷ್ಯದ ಗಳಿಕೆ, ಇನ್ನೊಂದು ಕಡೆ ಒಬ್ಬ ತಾಯಿಯ ಮುಪ್ಪಿನ ಮಾನ. ಕೊನೆಗೆ ನನ್ನ ವಿದ್ಯಾರ್ಥಿಯೇ ದಾರಿ ಕಂಡುಕೊಂಡರು. "ಅವ್ವಾರ, ಒಂದು ವರ್ಷ ನಾ ಬಾಡಿಗಿಗೆ ಇರತೀನಿ. ಮೋರಿ ಮೊದಲು ಸರಿಮಾಡಸೂಣು. ಗಾಜು ಹಚ್ಚಿ ನೋಡೂಣು. ನಿಂತರ ನಾನ ತಗೋತೀನಿ, ಈಗ ಆಡಿದ ಬೆಲಿ ಬರದ ಇಡೂಣು" ಎಂದರು. ಹಾಗೆಯೇ ಕರಾರಾಯಿತು. ಮೋರಿಯನ್ನು ದುರಸ್ತಿ ಮಾಡುವುದಕ್ಕೆ ಮುಂಚೆ ಹಚ್ಚಿದ ಗಾಜು ಆಷಾಢದಲ್ಲಿ ಒಡೆಯಿತು. ಮೋರಿಯನ್ನು ಗೋಡೆಯಿಂದ ದೂರ ಸರಿಸಿದ ಮೇಲೆ ಹಚ್ಚಿದ ಗಾಜು ಮುಂದಿನ ಬೇಸಗೆಯವರೆಗೂ ಉಳಿಯಿತು. ಆ ಮೂಲೆಯ ತಳಪಾಯವನ್ನು ಮೂರು ನಾಲ್ಕು ಅಡಿಗಳಷ್ಟೇ ಒಂದೊಂದು ಸಲ ತೋಡಿ, ಗಟ್ಟಿ ನೆಲದವರೆಗೆ ಇಳಿಸಿ ಕಟ್ಟಿದರು. ಉದ್ದಕ್ಕೂ ಒಮ್ಮೆಲೇ ತೋಡಿದರೆ ಗೋಡೆಯೇ ಕುಳಿತುಬಿಡುತ್ತದೆ. ಆ ಖರ್ಚನ್ನು ಬೆಲೆಯಲ್ಲಿ ಕಳೆದರು. ತಾರಸಿಯ ಖರ್ಚನ್ನು ಕೊಳ್ಳುವವರು ಹೊತ್ತರು. ಅಮ್ಮನವರಿಗೆ ಬಂದ ಹಣ ಮೊದಲು ಕೇಳಿದ್ದಕ್ಕಿಂತ ಕಡಿಮೆಯೇ. ವರ್ಷದ ಬಾಡಿಗೆ ಆ ಕೊರತೆಯನ್ನು ಪೂರ್ತಿಯಾಗಿ ತುಂಬಲಿಲ್ಲ. ಇದನ್ನೂ ಹೇಳಲೇಬೇಕು. ಆದರೆ ಬಿರುಕಿನ ಕಥೆಯೆಲ್ಲವೂ ಬರವಣಿಗೆಯಲ್ಲಿ ಬಂದದ್ದರಿಂದ ಮುಂದೆ ಯಾರೂ ಅವರತ್ತ ಬೆರಳು ತೋರುವ ಹಾಗಿಲ್ಲ.

ಈ ವಿಷಯದಲ್ಲಿ ಕಾಯಿದೆ ಏನು ಹೇಳುತ್ತದೆ? ೧೮೮೨ರ ಸ್ವತ್ತು ವರ್ಗಾವಣೆಯ ಅಧಿನಿಯಮದ ೫೫ನೆಯ ಪ್ರಕರಣದಲ್ಲಿ ಇದರ ಪ್ರಸ್ತಾಪವಿದೆ. ಬೇರೆ ಕರಾರು ಇಲ್ಲದಿರುವಾಗ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯವಾದ ಎಚ್ಚರದಿಂದ ನೋಡಿದರೂ ಕಾಣದಂತಹ ಮಹತ್ತ್ವದ ದೋಷವನ್ನು ಮಾರುವವನು ತಿಳಿಸತಕ್ಕದ್ದು, ತಿಳಿಸದಿರುವುದು ವಂಚನೆಯೆನಿಸುತ್ತದೆ. ಈ ಮಾತಿಗೆ ಎರಡು ಅಲಗುಗಳಿವೆಯೆಂಬುದನ್ನು ಗಮನಿಸಬೇಕು. ಮುಚ್ಚಿಟ್ಟವನನ್ನು ಅದು ಹಿಡಿಯುತ್ತದೆ. ಕಣ್ಣಿಗೆ ಕಾಣುವ ಬಿರುಕನ್ನು ನೋಡದೆ ಕೊಂಡವನನ್ನು ಅದು ಕಾಯುವುದಿಲ್ಲ. ಜೊತೆಗೆ, ಮಾರುವವನಿಗೆ ಗೊತ್ತಿತ್ತೆಂಬುದನ್ನು ವರ್ಷಗಳ ಅನಂತರ ನ್ಯಾಯಾಲಯದಲ್ಲಿ ಸ್ಥಾಪಿಸುವುದು ಸುಲಭವಲ್ಲ. ಆದ್ದರಿಂದ ಕೇಳುವುದನ್ನು ಮೊದಲೇ ಕೇಳಬೇಕು. ಉತ್ತರವನ್ನು ಕರಾರಿನಲ್ಲಿ ಬರೆಯಿಸಬೇಕು.

ಕೊಳ್ಳಬೇಕೆಂದಿರುವವರು ಮನಸ್ಸಿನಲ್ಲಿಡಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ಮನೆಯನ್ನು ಬೇಸಗೆಯಲ್ಲೊಮ್ಮೆ ನೋಡಿದ್ದರೆ ಮಳೆ ಸುರಿಯುವಾಗ ಇನ್ನೊಮ್ಮೆ ನೋಡಿ. ದಲ್ಲಾಳಿಯೊಡನೆ ಹೋದಷ್ಟೇ ಸಲ ದಲ್ಲಾಳಿಯಿಲ್ಲದೆಯೂ ಹೋಗಿ. ನೆರೆಮನೆಯವರನ್ನು ಮಾತನಾಡಿಸಿ; ಅವರ ಗೋಡೆಯಲ್ಲಿಯೂ ಅದೇ ಬಿರುಕಿದ್ದರೆ ದೋಷ ನೆಲದ್ದು. ಬೀರು, ಕ್ಯಾಲೆಂಡರು, ದೇವರ ಪಟಗಳ ಹಿಂದೆ ನೋಡಲು ಸಂಕೋಚಪಡಬೇಡಿ. ನಿಮ್ಮ ಪರವಾಗಿ ಒಬ್ಬ ಅನುಭವಿ ಗೌಂಡಿಯನ್ನೋ ಎಂಜಿನಿಯರನ್ನೋ ಕರೆದೊಯ್ಯಿರಿ. ಅವರಿಗೆ ಕೊಡುವ ಸಂಬಳ ಮನೆಯ ಬೆಲೆಯ ಮುಂದೆ ಏನೂ ಅಲ್ಲ. ದೋಷಗಳನ್ನು ಮೂರಾಗಿ ವಿಂಗಡಿಸಿಕೊಳ್ಳಿ. ಸೋರುವ ಮಾಡು, ಉದುರುವ ಗಾರೆ, ಒಡೆದ ಮೋರಿ ಇವು ಹಣದಿಂದ ಸರಿಹೋಗುತ್ತವೆ; ಅವನ್ನು ಬೆಲೆಯಲ್ಲಿ ಕಳೆಯಿರಿ. ಒಮ್ಮೆ ಕುಸಿದು ನಿಂತ ತಳಪಾಯದ ಹಳೆಯ ಬಿರುಕಿನೊಡನೆ ಬಾಳಬಹುದು. ಆದರೆ ಇನ್ನೂ ಚಲಿಸುತ್ತಿರುವ ನೆಲ, ತುಂಬಿದ ಕೆರೆಯಂಗಳ, ಹಿಂದಿನ ಗುಡ್ಡ ಬಾಯಿಬಿಟ್ಟು ಮರಗಳು ವಾಲುತ್ತಿರುವ ಇಳಿಜಾರು ಇವುಗಳ ಮೇಲಿನ ಮನೆ ಎಷ್ಟೇ ಸೊಗಸಾಗಿದ್ದರೂ ಕೈಮುಗಿದು ಹಿಂದಿರುಗಿ. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜಾರಿದಾಗ ಮನೆಗಳಿಗೆ ಆದದ್ದನ್ನು ನೆನೆದರೆ ಇದು ಅತಿಯಾದ ಎಚ್ಚರಿಕೆಯೆಂದು ತೋರಲಾರದು.

ಮಾರುವವರಲ್ಲಿಯೂ ಒಂದು ಮಾತು. ಬಾಳಿದ ಮನೆಯ ದೋಷವನ್ನು ನಿಮ್ಮಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಯಾವ ಮಳೆಗೆ ಯಾವ ಮೂಲೆ ತೊಟ್ಟಿಕ್ಕುತ್ತದೆ, ಯಾವ ತಿಂಗಳಲ್ಲಿ ಯಾವ ಬಾಗಿಲು ಬಿಗಿಯಾಗುತ್ತದೆ ಎಂಬುದು ನಿಮಗೆ ಕಂಠಪಾಠ. ಬೀಗದ ಕೈಯ ಜೊತೆಗೆ ಆ ತಿಳಿವಳಿಕೆಯನ್ನೂ ಒಪ್ಪಿಸಿ. ನಿಮ್ಮ ಮನೆಯಲ್ಲಿ ನಾಳೆ ಇನ್ನೊಬ್ಬರ ಮಕ್ಕಳು ಮಲಗುತ್ತಾರೆ.